ಸೂಜಿ ಹಿಡಿದು ಕೂತವರ ರಾಜಕೀಯ

2012ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಲಿಸ್ಮೋರ್ ಪಟ್ಟಣದಲ್ಲಿ, ಶಾಸಕರ ಕಚೇರಿಯೆದುರು ಹೊಸ ಬಗೆಯ ಧರಣಿಯೊಂದು ಶುರುವಾಯಿತು. ವಾರಕ್ಕೊಮ್ಮೆ ಒಂದಷ್ಟು ಹೆಂಗಸರು, ಬಹುಪಾಲು ತಲೆ ನರೆತವರು, ಮಡಚುವ ಕುರ್ಚಿಗಳನ್ನು ಫುಟ್‌ಪಾತಿನ ಮೇಲೆ ಹಾಕಿಕೊಂಡು ಕೂರುತ್ತಿದ್ದರು. ಚೀಲದೊಳಗಿಂದ ಹಳದಿ, ಕಪ್ಪು ಉಲ್ಲನ್ ಉಂಡೆಗಳೂ ಹೆಣಿಗೆ ಕಡ್ಡಿಗಳೂ ಹೊರಬರುತ್ತಿದ್ದವು. ಗಂಟೆಗಟ್ಟಲೆ ಹೆಣಿಗೆ, ಜೊತೆಗೆ ಮಾತು. ದಾರಿಯಲ್ಲಿ ಹೋಗುವವರು ನಿಂತು ವಿಚಾರಿಸಿದರೆ, ಕಲ್ಲಿದ್ದಲ ಪದರಗಳಿಂದ ಅನಿಲ ತೆಗೆಯುವ ಯೋಜನೆ ತಮ್ಮ ಹೊಲಗಳ ಕೆಳಗೆ, ಅಂತರ್ಜಲದ ನಡುವೆ ಏನು ಮಾಡಬಹುದು ಎಂಬುದನ್ನು ಕೂತಲ್ಲಿಂದಲೇ ವಿವರಿಸುತ್ತಿದ್ದರು.

ಇವರು 'ನಿಟ್ಟಿಂಗ್ ನ್ಯಾನಾಸ್', ಅಂದರೆ ಹೆಣೆಯುವ ಅಜ್ಜಿಯರು. ಮೊಮ್ಮಕ್ಕಳು ಇರಲೇಬೇಕೆಂಬ ನಿಯಮವೇನೂ ಇಲ್ಲ. ಅನಿಲ ಗಣಿಗಾರಿಕೆಯ ವಿರುದ್ಧದ ಹೋರಾಟಕ್ಕೆ ಸೇರಿದಾಗ ತಮ್ಮನ್ನು ಚಹಾ ಮಾಡುವಂಥ ಕೆಲಸಕ್ಕೇ ಮೀಸಲಿಟ್ಟದ್ದು ಇವರಲ್ಲಿ ಕೆಲವರಿಗೆ ಸರಿಬರಲಿಲ್ಲ. ಕೈಯಲ್ಲಿದ್ದ ಹೆಣಿಗೆಯನ್ನೇ ಹಿಡಿದು ತಮ್ಮದೇ ಗುಂಪು ಕಟ್ಟಿಕೊಂಡರು. ಮುಂದೆ ಲಿಸ್ಮೋರ್ ಬಳಿಯ ಬೆಂಟ್ಲಿಯಲ್ಲಿ ಸಾವಿರಾರು ಜನ ಬಿಡಾರ ಹೂಡಿ ಅನಿಲದ ಬಾವಿ ಕೊರೆಯುವುದನ್ನು ತಡೆದಾಗ ಈ ಅಜ್ಜಿಯರೂ ಅಲ್ಲಿದ್ದರು. 2014ರ ಮೇ ತಿಂಗಳಲ್ಲಿ ಸರ್ಕಾರ ಅಲ್ಲಿ ಕೊರೆಯುವ ಪರವಾನಗಿಯನ್ನು ಅಮಾನತಿನಲ್ಲಿಟ್ಟಿತು. ಮರುವರ್ಷ ಅನಿಲ ಕಂಪನಿಗೆ ಎರಡೂವರೆ ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಟ್ಟು ಆ ಪ್ರದೇಶದ ಪರವಾನಗಿಗಳನ್ನು ಹಿಂದಕ್ಕೆ ಪಡೆಯಿತು.

ಕಥೆ ಅಲ್ಲಿಗೇ ನಿಲ್ಲಲಿಲ್ಲ. 2022ರಲ್ಲಿ ಅದೇ ರಾಜ್ಯ ಪ್ರತಿಭಟನೆಗಳ ಮೇಲೆ ಕಠಿಣ ಕಾನೂನು ತಂದಿತು. ಸೇತುವೆ, ರೈಲು ನಿಲ್ದಾಣ, ಬಂದರುಗಳಂಥ ಕಡೆ ಅಡ್ಡಿ ಮಾಡಿದರೆ 22,000 ಡಾಲರ್‌ವರೆಗೆ ದಂಡ, ಎರಡು ವರ್ಷದವರೆಗೆ ಜೈಲು. ನ್ಯಾನಾಸ್ ಗುಂಪಿನ ಇಬ್ಬರು ಸದಸ್ಯೆಯರು ಇದನ್ನು ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 2023ರ ಡಿಸೆಂಬರ್‌ನಲ್ಲಿ ತೀರ್ಪು ಬಂತು: ಆ ಕಾನೂನಿನ ಕೆಲವು ಭಾಗಗಳು ಸಂವಿಧಾನಕ್ಕೆ ವಿರುದ್ಧ. ವರ್ಷಗಟ್ಟಲೆ ಜೊತೆಗೆ ಕೂತು ಮಾತಾಡಿದ ಗುಂಪಿಗೆ ಕೋರ್ಟಿನ ಮೆಟ್ಟಿಲು ಹತ್ತುವ ಧೈರ್ಯ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಾಗಿಲ್ಲ.

ಕೈಕೆಲಸವನ್ನು ಹೀಗೆ ಸಾರ್ವಜನಿಕ ಹೋರಾಟಕ್ಕೆ ಜೋಡಿಸುವುದಕ್ಕೆ ಇಂದು 'ಕ್ರಾಫ್ಟಿವಿಸಂ' ಎಂಬ ಹೆಸರು ಬಳಕೆಯಲ್ಲಿದೆ. 2003ರ ಸುಮಾರಿಗೆ ಇದನ್ನು ಪ್ರಚಾರಕ್ಕೆ ತಂದವರು ಅಮೆರಿಕದ ಲೇಖಕಿ ಬೆಟ್ಸಿ ಗ್ರೀರ್. ಹೆಸರು ಹೊಸದು, ರೂಢಿ ಬಹಳ ಹಳೆಯದು. ಗೆಳತಿಯರು ಒಬ್ಬರ ಮನೆಯಲ್ಲಿ ಸೇರುತ್ತಾರೆ. ಹೊಲಿಗೆಯೋ ಕಸೂತಿಯೋ ಕ್ರೋಶಾವೋ ನಡೆಯುತ್ತದೆ. ಕೆಲಸದ ನಡುವೆ ಊರಿನ ನೀರು, ಕೂಲಿ, ಕಾನೂನು, ಯುದ್ಧ ಎಲ್ಲವೂ ಮಾತಿಗೆ ಬರುತ್ತವೆ. ಸಭೆಯಲ್ಲಿ ಎದ್ದು ನಿಂತು ಮಾತಾಡೆಂದರೆ ಬಾಯಿ ಕಟ್ಟುವವರು ಇಲ್ಲಿ ಮಾತಾಡುತ್ತಾರೆ, ಏಕೆಂದರೆ ಕಣ್ಣು ಬಟ್ಟೆಯ ಮೇಲಿರುತ್ತದೆ, ಯಾರೂ ಮುಖ ದಿಟ್ಟಿಸುವುದಿಲ್ಲ. ನಡುವೆ ಐದು ನಿಮಿಷ ಯಾರೂ ಮಾತಾಡದಿದ್ದರೂ ಯಾರಿಗೂ ಮುಜುಗರವಾಗುವುದಿಲ್ಲ. ಕಷ್ಟದ ವಿಷಯ ಎತ್ತಲು ಇಷ್ಟು ಅನುಕೂಲವಾದ ಜಾಗ ಬೇರೆ ಸಿಗುವುದು ಅಪರೂಪ.

ಇದರ ನಿಜವಾದ ಬಲ ಗೊತ್ತಾಗಬೇಕಾದರೆ ಚಿಲಿ ದೇಶಕ್ಕೆ ಹೋಗಬೇಕು.

1973ರ ಸೆಪ್ಟೆಂಬರ್ 11ರಂದು ಜನರಲ್ ಪಿನೊಚೆ ನೇತೃತ್ವದ ಸೇನೆ ಚುನಾಯಿತ ಅಧ್ಯಕ್ಷ ಸಾಲ್ವಡಾರ್ ಅಯೆಂದೆಯ ಸರ್ಕಾರವನ್ನು ಉರುಳಿಸಿತು. ಸಾವಿರಾರು ಜನರನ್ನು ಹಿಡಿದೊಯ್ದರು. ಎಷ್ಟೋ ಮಂದಿ ಮನೆಗೆ ಮರಳಲೇ ಇಲ್ಲ. ಆ ಆಡಳಿತದಲ್ಲಿ ಕೊಲೆಯಾದವರು ಮತ್ತು ಕಣ್ಮರೆಯಾದವರ ಸಂಖ್ಯೆ ಅಧಿಕೃತ ಲೆಕ್ಕದಲ್ಲೇ 3,000 ದಾಟುತ್ತದೆ. ಮಗನನ್ನು, ಗಂಡನನ್ನು ಹುಡುಕುತ್ತ ಜೈಲಿನಿಂದ ಶವಾಗಾರಕ್ಕೆ, ಅಲ್ಲಿಂದ ಕೋರ್ಟಿಗೆ ಅಲೆಯುತ್ತಿದ್ದ ಹೆಂಗಸರಿಗೆ ಚರ್ಚಿನ ನೆರವು ಸಮಿತಿಯಲ್ಲಿ ಒಬ್ಬರಿಗೊಬ್ಬರ ಪರಿಚಯವಾಯಿತು. 1974ರಿಂದ ಅವರಿಗಾಗಿ ಸ್ಯಾಂಟಿಯಾಗೋದಲ್ಲಿ ಹೊಲಿಗೆ ಕಾರ್ಯಾಗಾರಗಳು ಹುಟ್ಟಿದವು. ಸರ್ಕಾರದ ಒತ್ತಡಕ್ಕೆ ಆ ಸಮಿತಿ ಮುಚ್ಚಿತು. ಆಗ ಕಾರ್ಡಿನಲ್ ರೌಲ್ ಸಿಲ್ವಾ ಎನ್ರಿಕೆಸ್ 1976ರಲ್ಲಿ ಸ್ಥಾಪಿಸಿದ 'ವಿಕಾರಿಯಾ ದೆ ಲಾ ಸೊಲಿದಾರಿದಾದ್' ಎಂಬ ಸಂಸ್ಥೆ ಆ ಕೆಲಸವನ್ನು ಕೈಗೆತ್ತಿಕೊಂಡಿತು. ಕೊಳೆಗೇರಿಗಳಲ್ಲಿ ಗಂಡಂದಿರು ಕೆಲಸ ಕಳೆದುಕೊಂಡು ಒಲೆ ಹೊತ್ತದ ಮನೆಗಳಿದ್ದವು. ಆ ಮನೆಗಳ ಹೆಂಗಸರೂ ಬಂದು ಸೇರಿಕೊಂಡರು.

ಅವರು ಹೊಲಿದದ್ದು 'ಅರ್ಪಿಯೇರಾ'. ಹಿಟ್ಟಿನ ಚೀಲದಂಥ ಗೋಣಿಬಟ್ಟೆಯ ಮೇಲೆ ಚಿಂದಿಗಳನ್ನು ಕೂಡಿಸಿ ಮಾಡುವ ಚಿತ್ರ ಅದು. ಮೇಲ್ಭಾಗದಲ್ಲಿ ಸಾಮಾನ್ಯವಾಗಿ ಆಂಡಿಸ್ ಪರ್ವತಸಾಲು, ಅದರ ಮೇಲೊಂದು ದೊಡ್ಡ ಸೂರ್ಯ. ಕೆಳಗೆ ಬೆರಳುದ್ದದ ಬಟ್ಟೆಯ ಬೊಂಬೆಗಳು, ತಲೆಗೆ ಉಲ್ಲನ್ ಎಳೆಯ ಕೂದಲು. ದೂರದಿಂದ ನೋಡಿದವರಿಗೆ ಮಕ್ಕಳ ಕೋಣೆಗೆ ಹಾಕುವ ಚಿತ್ರದಂತೆ ಕಾಣುತ್ತದೆ. ಹತ್ತಿರ ಹೋದರೆ ಬೊಂಬೆಗಳು ಪೊಲೀಸ್ ವ್ಯಾನಿಗೆ ಹತ್ತುತ್ತಿರುತ್ತವೆ. ಇಡೀ ಕೇರಿಗೆ ಇರುವ ಒಂದೇ ನಲ್ಲಿಯ ಮುಂದೆ ಸಾಲು ನಿಂತಿರುತ್ತವೆ. ಬೀದಿಯವರೆಲ್ಲ ಸೇರಿ ದೊಡ್ಡ ಪಾತ್ರೆಯಲ್ಲಿ ಅಡುಗೆ ಮಾಡುತ್ತಿರುತ್ತಾರೆ. ಕೆಲವು ಚಿತ್ರಗಳಲ್ಲಿ ಹೆಂಗಸರು ಸರಪಳಿಯಿಂದ ತಮ್ಮನ್ನು ತಾವೇ ಬೇಲಿಗೆ ಬಿಗಿದುಕೊಂಡಿರುತ್ತಾರೆ. 'ಅವರೆಲ್ಲಿ?' ಎಂಬ ಪ್ರಶ್ನೆ ದಾರದಲ್ಲಿ ಮೂಡಿರುತ್ತದೆ. ಕೆಲವರು ಕಾಣೆಯಾದವರ ಅಂಗಿಯ ತುಂಡನ್ನೇ ಹೊಲಿದಿದ್ದುಂಟು. ಹಲವು ಅರ್ಪಿಯೇರಾಗಳ ಬೆನ್ನಿಗೆ ಚಿಕ್ಕ ಜೇಬು, ಅದರೊಳಗೆ ಚಿತ್ರದ ಹಿಂದಿನ ಸಂಗತಿ ತಿಳಿಸುವ ಕೈಬರಹದ ಚೀಟಿ.

ವಿಕಾರಿಯಾ ಸಂಸ್ಥೆ ಇವನ್ನು ಹಣ ಕೊಟ್ಟು ಕೊಂಡುಕೊಳ್ಳುತ್ತಿತ್ತು. ಚರ್ಚಿನವರ, ದೇಶ ಬಿಟ್ಟು ಹೋದವರ, ವಿದೇಶಿ ಸಂದರ್ಶಕರ ಮೂಲಕ ಅವು ಯುರೋಪ್, ಉತ್ತರ ಅಮೆರಿಕ ಸೇರಿದವು. ಪತ್ರಿಕೆಗಳ ಬಾಯಿ ಕಟ್ಟಿದ್ದ ಕಾಲದಲ್ಲಿ ಚಿಲಿಯ ಬಡಾವಣೆಗಳ ಸುದ್ದಿ ಹೊರಜಗತ್ತಿಗೆ ತಲುಪಿದ ದಾರಿಗಳಲ್ಲಿ ಇದೂ ಒಂದು. ಆದರೆ ಹೊರಗೆ ಹೋದ ಬಟ್ಟೆಯಷ್ಟೇ ಮುಖ್ಯವಾದದ್ದು ಆ ಹೊಲಿಗೆ ಕೋಣೆಯಲ್ಲಿ ನಡೆದದ್ದು. ತನ್ನ ಮಗನೊಬ್ಬನೇ ಕಾಣೆಯಾಗಿದ್ದಾನೆ, ತಾನೇನೋ ತಪ್ಪು ಮಾಡಿರಬೇಕು ಎಂದುಕೊಂಡು ಬಂದವಳಿಗೆ ಪಕ್ಕದಲ್ಲಿ ಕೂತವಳದೂ ಅದೇ ಕಥೆ ಎಂದು ತಿಳಿಯುತ್ತಿತ್ತು. ಹಿಂದೆಂದೂ ಸ್ವಂತ ಸಂಪಾದನೆ ಕಾಣದ ಕೈಗಳಿಗೆ ದುಡಿಮೆ ಬಂತು. ಇವತ್ತು ಏನನ್ನು ಹೊಲಿಯೋಣ ಎಂಬ ಚರ್ಚೆಯೇ ದೇಶದಲ್ಲಿ ಏನಾಗುತ್ತಿದೆ ಎಂಬ ಚರ್ಚೆಯಾಯಿತು. ಅಲ್ಲಿಂದ ಎದ್ದವರು ಬೀದಿಗೂ ಇಳಿದರು. ಕಾಣೆಯಾದವರ ಬಂಧುಗಳು 1978ರಲ್ಲಿ, ಜೋಡಿಯಾಗಿ ಕುಣಿಯಬೇಕಾದ ರಾಷ್ಟ್ರೀಯ ನೃತ್ಯ 'ಕ್ವೇಕಾ'ವನ್ನು ವೇದಿಕೆಯ ಮೇಲೆ ಒಂಟಿಯಾಗಿ ಕುಣಿದರು. ಆ ದೃಶ್ಯವೂ ಅರ್ಪಿಯೇರಾಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಈ ಹೊಲಿಗೆಯ ದಾರಿ ಮುಂದೆ ಪೆರು, ಉತ್ತರ ಐರ್ಲೆಂಡ್, ಜಿಂಬಾಬ್ವೆಗಳವರೆಗೂ ಹೋಯಿತು.

ಭಾರತದವರಿಗೆ ಈ ಮಾತು ಬರುತ್ತಲೇ ಚರಕ ನೆನಪಾಗುತ್ತದೆ. ಅದಕ್ಕೂ ಕನ್ನಡ ನೆಲಕ್ಕೂ ನೇರವಾದ ನಂಟಿದೆ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ 1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ನಡೆಯಿತು. ಕಾಂಗ್ರೆಸ್ ಸದಸ್ಯರಾಗಬೇಕಾದರೆ ತಿಂಗಳಿಗೆ 2,000 ಗಜ ನೂಲು ಒಪ್ಪಿಸಬೇಕು ಎಂಬ ನಿಯಮಕ್ಕೆ ಒಪ್ಪಿಗೆ ಸಿಕ್ಕಿದ್ದು ಅಲ್ಲೇ. ವಕೀಲನಿರಲಿ ರೈತನಿರಲಿ, ಎಲ್ಲರೂ ಒಂದೇ ಕೆಲಸಕ್ಕೆ ಕೂರಬೇಕೆಂಬುದು ದೊಡ್ಡ ಕನಸು. ಆದರೆ ತಾನು ನೂಲಲಾರದವನು ಬೇರೆಯವರು ನೂತದ್ದನ್ನು ಕೊಡಬಹುದು ಎಂಬ ಸಡಿಲಿಕೆಯೂ ಅದರೊಳಗಿತ್ತು. ವರ್ಷ ತುಂಬುವ ಮೊದಲೇ, 1925ರ ಸೆಪ್ಟೆಂಬರ್‌ನಲ್ಲಿ, ನಾಲ್ಕಾಣೆ ಚಂದಾ ಕೊಟ್ಟರೂ ಸದಸ್ಯತ್ವ ಸಿಗುತ್ತದೆ ಎಂದು ನಿಯಮ ಬದಲಾಯಿತು. ಬೆಳಗಾವಿ ಸಮೀಪದ ಹುದಲಿಯಲ್ಲಿ ಗಂಗಾಧರರಾವ್ ದೇಶಪಾಂಡೆಯವರು ಕಟ್ಟಿದ ಖಾದಿ ಕೆಲಸ ಮಾತ್ರ ಉಳಿದು ಬೆಳೆಯಿತು. ಗಜದ ಲೆಕ್ಕದಲ್ಲಿ ಹೇರಿದ ಕೈಕೆಲಸ ನಿಲ್ಲುವುದಿಲ್ಲ, ಊರಿನ ಜನ ಒಟ್ಟಿಗೆ ಕೂತು ತಮ್ಮದೆಂದು ಮಾಡಿದ್ದು ನಿಲ್ಲುತ್ತದೆ ಎಂಬುದಕ್ಕೆ ಈ ಎರಡರ ಇತಿಹಾಸವೇ ಸಾಕ್ಷಿ.

ಎಲ್ಲ ಹೆಣಿಗೆಯೂ ಹೋರಾಟವಾಗುವುದಿಲ್ಲ ಎಂಬ ಟೀಕೆಯಿದೆ, ಅದರಲ್ಲಿ ಹುರುಳೂ ಇದೆ. 2017ರ ಜನವರಿ 21ರಂದು ಅಮೆರಿಕದ ಮಹಿಳಾ ಮೆರವಣಿಗೆಗಳಲ್ಲಿ ಗುಲಾಬಿ ಬಣ್ಣದ ಬೆಕ್ಕುಕಿವಿಯ ಟೊಪ್ಪಿಗೆಗಳ ಸಮುದ್ರವೇ ಕಂಡಿತು. ಕ್ರಿಸ್ಟಾ ಸೂ ಮತ್ತು ಜೇನಾ ಜ್ವೈಮನ್ ಎಂಬ ಇಬ್ಬರು ಗೆಳತಿಯರು ಲಾಸ್ ಏಂಜಲೀಸ್‌ನ ಹೆಣಿಗೆ ಅಂಗಡಿಯೊಂದರ ಬಳಗದ ಜೊತೆ ಸೇರಿ ಆರಂಭಿಸಿದ ಯೋಜನೆ ಅದು. ಮೆರವಣಿಗೆಗೆ ಬರಲಾಗದವರು ಟೊಪ್ಪಿಗೆ ಹೆಣೆದು, ಜೊತೆಗೊಂದು ಚೀಟಿಯಿಟ್ಟು, ಹೋಗುವವರಿಗೆ ಕಳಿಸಿದರು. ಅದು ನಿಜಕ್ಕೂ ಒಳ್ಳೆಯ ಯೋಚನೆ. ಆದರೆ ಆ ಗುರುತು ತಮ್ಮನ್ನು ಒಳಗೊಂಡಿಲ್ಲವೆಂದು ಕಪ್ಪು ಮಹಿಳೆಯರೂ ಟ್ರಾನ್ಸ್‌ಜೆಂಡರ್ ಸಮುದಾಯದವರೂ ಹೇಳಿದರು. ಟೊಪ್ಪಿಗೆ ನೋಡಿದವರಿಗೆ ಕೋಪ ಅರ್ಥವಾಯಿತು, ಯಾರಿಂದ ಏನು ಆಗಬೇಕೆಂಬ ನಿರ್ದಿಷ್ಟ ಬೇಡಿಕೆ ಅದರಲ್ಲಿರಲಿಲ್ಲ.

ಬೇಡಿಕೆ ಸ್ಪಷ್ಟವಾಗಿದ್ದರೆ ಕರವಸ್ತ್ರವೂ ಕೆಲಸ ಮಾಡುತ್ತದೆ. ಲಂಡನ್ನಿನ ಸಾರಾ ಕಾರ್ಬೆಟ್ 2009ರಲ್ಲಿ 'ಕ್ರಾಫ್ಟಿವಿಸ್ಟ್ ಕಲೆಕ್ಟಿವ್' ಆರಂಭಿಸಿದವರು. ಸ್ವಭಾವತಃ ಸಂಕೋಚದವರು, ಬೀದಿಯ ಗದ್ದಲದ ಹೋರಾಟ ತಮಗೆ ಆಯಾಸ ತರುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳುವವರು. 2015ರಲ್ಲಿ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅಂಗಡಿಗಳ ನೌಕರರಿಗೆ ಬದುಕಲು ಸಾಲುವಷ್ಟು ವೇತನ ಕೊಡಿ ಎಂದು ಷೇರ್‌ಆಕ್ಷನ್ ಎಂಬ ಸಂಸ್ಥೆ ಒತ್ತಾಯಿಸುತ್ತಿತ್ತು. ಆಗ ಈ ಗುಂಪಿನವರು ಕಂಪನಿಯ ಆಡಳಿತ ಮಂಡಳಿಯ ಒಬ್ಬೊಬ್ಬರಿಗೂ ಒಂದೊಂದು ಕರವಸ್ತ್ರಕ್ಕೆ ಕಸೂತಿ ಹಾಕಿದರು. ಯಾರಿಗೆ ಕೊಡುತ್ತೇವೋ ಅವರ ಹಿನ್ನೆಲೆ ಓದಿ, ಅವರಿಗೆ ತಾಗುವ ಮಾತನ್ನೇ ದಾರದಲ್ಲಿ ಬರೆದು, ಷೇರುದಾರರ ವಾರ್ಷಿಕ ಸಭೆಯಲ್ಲಿ ಕೈಯಾರೆ ಕೊಟ್ಟರು. ಮರುವರ್ಷ ಕಂಪನಿ ಗಂಟೆಗೆ 8.50 ಪೌಂಡ್ ಮೂಲವೇತನ ಪ್ರಕಟಿಸಿತು. ಅದೇ ಹೊತ್ತಿಗೆ ಭಾನುವಾರದ ಹೆಚ್ಚುವರಿ ಸಂಬಳಕ್ಕೆ ಕತ್ತರಿಯನ್ನೂ ಹಾಕಿತು. ಗೆಲುವು ಪೂರ್ತಿಯಾಗಿರಲಿಲ್ಲ. ಆದರೂ ಬಾಗಿಲ ಹೊರಗೆ ನಿಂತು ಕೂಗಿದ್ದರೆ ಸಿಗದಿದ್ದ ಮುಖಾಮುಖಿ ಮಾತುಕತೆ ಆ ತುಂಡು ಬಟ್ಟೆಯಿಂದ ಸಿಕ್ಕಿತು.

ಮನೆಯಲ್ಲಿ ಇಂಥ ಕೂಟ ಕರೆಯಲು ದುಡ್ಡು ಬೇಕಿಲ್ಲ. ಐದಾರು ಜನ, ಒಂದು ಚಾಪೆ, ಒಳ್ಳೆಯ ಬೆಳಕು, ಹಳೆಯ ಸೀರೆ-ಪಂಚೆಗಳ ತುಂಡು. ಉತ್ತರ ಕರ್ನಾಟಕದ ಕೌದಿ ಇದಕ್ಕೆ ಹೇಳಿ ಮಾಡಿಸಿದ್ದು. ಹೊಲಿಗೆ ನೇರ, ಹೊಸಬರೂ ಒಂದೇ ದಿನದಲ್ಲಿ ಕೈಹಚ್ಚಬಹುದು, ನಾಲ್ಕೂ ಬದಿಯಲ್ಲಿ ನಾಲ್ಕು ಜನ ಕೂರಬಹುದು. ಲೆಕ್ಕ ತಪ್ಪಿದರೆ ಕೆಡುವ ಸೂಕ್ಷ್ಮ ಕೆಲಸವನ್ನು ಮಾತಿನ ಕೂಟಕ್ಕೆ ಆರಿಸದಿರುವುದು ಮೇಲು. ವಿಷಯ ಒಂದೇ ಇರಲಿ: ಶಾಲೆಯ ಶೌಚಾಲಯ, ಬತ್ತಿದ ಕೊಳವೆಬಾವಿ, ನಿಂತುಹೋದ ಬಸ್ಸು. ಒಬ್ಬರು ಪಂಚಾಯಿತಿಯ ಬಜೆಟ್ಟನ್ನೋ ಮಾಹಿತಿ ಹಕ್ಕಿನ ಅರ್ಜಿಗೆ ಬಂದ ಉತ್ತರವನ್ನೋ ಗಟ್ಟಿಯಾಗಿ ಓದಲಿ, ಉಳಿದವರ ಸೂಜಿ ನಡೆಯಲಿ. ಓದು ಬಾರದ ಅಜ್ಜಿಗೂ ಬಜೆಟ್ ಕಿವಿಗೆ ಬಿದ್ದಂತಾಗುತ್ತದೆ, ಅವರ ಪ್ರಶ್ನೆಯೇ ಎಲ್ಲರಿಗಿಂತ ಮೊನಚಾಗಿರುವ ಸಂಭವವೂ ಇದೆ. ಗಂಡಸರು ಸೂಜಿ ಹಿಡಿಯಲು ಬಂದರೆ ಜಾಗ ಕೊಡಿ. ಜಾತಿ, ಕೇರಿ ನೋಡಿ ಕರೆಯುವುದಾದರೆ ಮಾತ್ರ ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ನಲ್ಲಿಯಲ್ಲಿ ನೀರು ಬಾರದ ಒಂದೊಂದು ಮನೆಗೂ ಕೌದಿಯಲ್ಲಿ ಒಂದೊಂದು ತುಂಡು ಹೊಲಿಯಬಹುದು. ಅದನ್ನು ಎಲ್ಲಿ, ಯಾರ ಮುಂದೆ ಬಿಚ್ಚುತ್ತೇವೆ ಎಂಬುದು ಮೊದಲ ದಿನವೇ ತೀರ್ಮಾನವಾಗಬೇಕು. ಕರ್ನಾಟಕದ ಕಾನೂನಿನ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ನಿಮ್ಮೂರಿನ ಮುಂದಿನ ಗ್ರಾಮಸಭೆ ಯಾವಾಗ ಎಂದು ಪಂಚಾಯಿತಿ ಕಚೇರಿಯಲ್ಲಿ ಕೇಳಿಕೊಂಡು ಬನ್ನಿ. ಆ ದಿನದಿಂದ ಹಿಂದಕ್ಕೆ ವಾರಗಳನ್ನು ಎಣಿಸಿ, ಅಕ್ಕಪಕ್ಕದ ಮನೆಯವರನ್ನು ಕರೆದು, ಹೊಲಿಗೆ ಶುರುಮಾಡಿ.