ಅಜ್ಜನ ಸಂವತ್ಸರವೂ ಲ.ಸಾ.ಅ.ವೂ

ಮಕ್ಕಳೇ, ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಹುಟ್ಟಿದ ಸಂವತ್ಸರ ಯಾವುದು ಅಂತ ಕೇಳಿ. 1966ರ ಯುಗಾದಿಗೆ ಶುರುವಾದದ್ದು ಪರಾಭವ ಸಂವತ್ಸರ. 2026ರ ಯುಗಾದಿಗೆ ಮತ್ತೆ ಅದೇ ಪರಾಭವ. ಹೆಸರುಗಳು ಒಟ್ಟು 60. ಆದೋನಿಯ ತೆಲುಗು ಪಂಚಾಂಗದಲ್ಲೂ ಸೊಲ್ಲಾಪುರದ ಮರಾಠಿ ಪಂಚಾಂಗದಲ್ಲೂ ಇವೇ. ಹೊಸೂರಿನ ತಮಿಳರದ್ದೂ ಇವೇ ಹೆಸರು, ವರ್ಷ ಮಾತ್ರ ಏಪ್ರಿಲ್ ನಡುವೆ ಶುರು.

ಇದೇ 60 ಆಕಾಶದಲ್ಲೂ ಸಿಗುತ್ತದೆ. ಸೂರ್ಯನನ್ನು ಒಂದು ಸುತ್ತು ಬರಲು ಗುರುಗ್ರಹಕ್ಕೆ ಸುಮಾರು 12 ವರ್ಷ ಬೇಕು, ಶನಿಗೆ ಸುಮಾರು 30. ಇಬ್ಬರೂ ಇವತ್ತು ಒಂದೇ ಗೆರೆಯಿಂದ ಹೊರಟರು ಅಂತಿಟ್ಟುಕೊಳ್ಳಿ. ಅದೇ ಗೆರೆಗೆ ಮತ್ತೆ ಒಟ್ಟಿಗೆ ಬರುವುದು ಎಷ್ಟು ವರ್ಷಕ್ಕೆ?

"360 ಸರ್!" ನನ್ನ ತರಗತಿಯಲ್ಲಿ ಈ ಉತ್ತರ ಪ್ರತಿ ವರ್ಷ ಬರುತ್ತದೆ. 12×30 = 360. ಆ ವರ್ಷ ಇಬ್ಬರೂ ಅಲ್ಲಿರುತ್ತಾರೆ, ಸುಳ್ಳಲ್ಲ. ಆದರೆ ಅಷ್ಟರೊಳಗೆ ಐದು ಸಲ ಅದೇ ಗೆರೆಯಲ್ಲಿ ಸೇರಿ ಹೋಗಿರುತ್ತಾರೆ! ನಮಗೆ ಬೇಕಾದದ್ದು ಮೊದಲನೆಯ ಸಲ, ಅಂದರೆ ಲಘುತಮ. ಸಂವತ್ಸರಗಳೂ 360 ಇದ್ದಿದ್ದರೆ ನಿಮ್ಮಜ್ಜ ತಾನು ಹುಟ್ಟಿದ ವರ್ಷದ ಹೆಸರನ್ನು ಮತ್ತೆ ಕೇಳುತ್ತಲೇ ಇರಲಿಲ್ಲ.

ಬಿಡಿಸಿ ನೋಡೋಣ. 12 = 2×2×3. 30 = 2×3×5. ಮೂವತ್ತಕ್ಕೆ ಬೇಕಾದ 2 ಮತ್ತು 3 ಹನ್ನೆರಡರಲ್ಲಿ ಆಗಲೇ ಇವೆ. ಇಲ್ಲದ್ದು 5 ಒಂದೇ. ಅದನ್ನಷ್ಟೇ ಸೇರಿಸಿ: 2×2×3×5 = 60. ಸುಮ್ಮನೆ ಗುಣಿಸಿದಾಗ ಎರಡರಲ್ಲೂ ಇದ್ದ 2×3, ಅಂದರೆ 6, ಎರಡೆರಡು ಸಲ ಲೆಕ್ಕಕ್ಕೆ ಬಂತು. ಅದಕ್ಕೇ 360÷6 = 60. ಆ 6 ಯಾರು ಗೊತ್ತಾಯ್ತಲ್ಲ? ಮ.ಸಾ.ಅ.!

ಅವಸರವಿದ್ದರೆ ದೊಡ್ಡ ಸಂಖ್ಯೆಯ ಮಗ್ಗಿ ಹೇಳುತ್ತಾ ಹೋಗಿ. 30 ಹನ್ನೆರಡರಿಂದ ಭಾಗವಾಗದು, 60 ಆಗುತ್ತದೆ. ಮುಗೀತು.

ಆದರೆ ಗ್ರಹಗಳು ಪೂರ್ಣಾಂಕ ನೋಡಿಕೊಂಡು ಸುತ್ತುವುದಿಲ್ಲ. ಗುರುವಿನ ಸುತ್ತು 11.86 ವರ್ಷ, ಶನಿಯದ್ದು 29.46. ಗುರುವಿನ 5 ಸುತ್ತಿಗೆ 59.3 ವರ್ಷ, ಶನಿಯ 2 ಸುತ್ತಿಗೆ 58.92. ಹತ್ತಿರ ಹತ್ತಿರ, ಅಷ್ಟೇ. 1961ರ ಫೆಬ್ರವರಿಯಲ್ಲಿ ಜೊತೆಯಾಗಿ ಕಂಡ ಇವರು ಆಕಾಶದ ಹೆಚ್ಚುಕಡಿಮೆ ಅದೇ ಭಾಗದಲ್ಲಿ ಮತ್ತೆ ಜೊತೆಯಾದದ್ದು 2020ರ ಡಿಸೆಂಬರಿನಲ್ಲಿ. ನಡುವೆ 1981, 2000ದಲ್ಲೂ ಭೇಟಿಯಾಗಿದ್ದರು, ಬೇರೆ ಭಾಗಗಳಲ್ಲಿ.

ಈಗ ನಿಮ್ಮ ಸರದಿ. ಊರಿನ ಸಂತೆ 7 ದಿನಕ್ಕೊಮ್ಮೆ, ನಲ್ಲಿ ನೀರು 5 ದಿನಕ್ಕೊಮ್ಮೆ. ಇವತ್ತು ಎರಡೂ ಒಟ್ಟಿಗೆ ಬಂದು ಮನೆಯಲ್ಲಿ ರಗಳೆಯಾಯ್ತು. ಮುಂದಿನ ರಗಳೆ ಯಾವತ್ತು? ಇಲ್ಲಿ ಸುಮ್ಮನೆ ಗುಣಿಸಿದರೂ ಉತ್ತರ ಸರಿ ಬರುತ್ತದೆ. ಯಾಕೆ ಅಂತ ಬರೆದು ನಿಮ್ಮ ಟೀಚರಿಗೆ ತೋರಿಸಿ.