ತೆಂಗಿನ ಗರಿಗೆ ಸೋತ ಉಪಗ್ರಹ

ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೋಗುವ ರಸ್ತೆಯ ಪಕ್ಕದ ಊರು. ಆ ಮನೆಯಲ್ಲಿ ಟಿವಿ ಇರುವುದು ಒಂದೇ, ತಾರಸಿ ಮೇಲೆ ಡಿಶ್ ಮಾತ್ರ ನಾಲ್ಕು. ಮೂರಕ್ಕೆ ವೈರೇ ಇಲ್ಲ. ಅವುಗಳಲ್ಲೊಂದನ್ನು ಕಂಬದಿಂದ ಬಿಚ್ಚಿ ಮೆಣಸಿನಕಾಯಿ ಒಣಹಾಕಿದ್ದರು. ಬದುಕಿದ್ದ ನಾಲ್ಕನೆಯದರ ಮುಂದೆ, ರಿಪೇರಿಗೆ ಬಂದ ಹುಡುಗ ಕುಕ್ಕರುಗಾಲಲ್ಲಿ ಕೂತು ಬಿಸಿಲು ನೋಡುತ್ತಿದ್ದ. ಸಿಗ್ನಲ್ ಮೀಟರ್ ಚೀಲದಲ್ಲೇ ಇತ್ತು.

ಸೆಪ್ಟೆಂಬರ್ ಕೊನೆಯ ವಾರ, ಬೆಳಗ್ಗೆ 10 ಹೊಡೆಯಲು ಸ್ವಲ್ಪ ಬಾಕಿ. ಪೂರ್ವ ದಿಕ್ಕಿನ ತೆಂಗಿನಮರದ ಒಂದು ಗರಿಯ ನೆರಳು ಡಿಶ್‌ನ ಮೇಲೆ ಬಾಚಣಿಗೆ ಹಲ್ಲಿನ ಹಾಗೆ ಬಿದ್ದಿತ್ತು. “ನೋಡಿ ಸಾ, ಇದೇ ರೋಗ” ಅಂದ. “ಇವತ್ತು ಈ ಹೊತ್ನಲ್ಲಿ ಸೂರ್ಯ ಎಲ್ಲವ್ನೋ ಸ್ಯಾಟಲೈಟೂ ಅಲ್ಲೇ ಅದೆ. ಬಿಸ್ಲು ಬೀಳದೆ ಇದ್ರೆ ಸಿಗ್ನಲ್ಲೂ ಬೀಳಾಕಿಲ್ಲ. ಡಿಶ್ ಸರಿಯಾಗೇ ಅದೆ, ಮರ ಬೆಳ್ಕೊಂಡದೆ.”

ಮನೆಯ ಯಜಮಾನರಿಗೆ ಈ ಮಾತು ರುಚಿಸಲಿಲ್ಲ. ಅವರು ಒಂದು ತಿಂಗಳಿಂದ ಕಂಪನಿಯ ಕಾಲ್ ಸೆಂಟರಿಗೆ ಫೋನ್ ಮಾಡಿ ಮಾಡಿ ಬೇಸತ್ತಿದ್ದರು. ಅಲ್ಲಿಯವರು ಪ್ರತಿಸಲವೂ ಬಾಕ್ಸ್ ಆಫ್ ಮಾಡಿ ಆನ್ ಮಾಡಿಸುತ್ತಿದ್ದರಂತೆ. ನನಗೆ ಮಾತ್ರ ಆ ನೆರಳು ತಲೆಗೆ ಹತ್ತಿತು. ಮಂಡ್ಯ ಸೀಮೆಯಲ್ಲಿ ಡಿಟಿಎಚ್ ಕಂಪನಿಗಳ ಪೈಪೋಟಿ ಬಗ್ಗೆ ನಾಲ್ಕು ಜನರನ್ನು ಮಾತಾಡಿಸಿ ಬರೆಯೋಣ ಎಂದು ಹೊರಟವನು ಅಂದಿನಿಂದ ತಾರಸಿ, ಹೆಂಚು, ತೆಂಗಿನ ತಲೆಗಳನ್ನೇ ನೋಡಿಕೊಂಡು ಓಡಾಡಿದೆ.

ಹುಡುಗನ ಲೆಕ್ಕ ಸರಿ. ಟಿವಿ ಉಪಗ್ರಹಗಳೆಲ್ಲ ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ನಮ್ಮ ಕಣ್ಣಿಗೆ ಒಂದೇ ಕಡೆ ನಿಂತ ಹಾಗೆ ಸುತ್ತುತ್ತವೆ. ವರ್ಷಕ್ಕೆ ಎರಡು ಸಲ, ನಮ್ಮ ಅಕ್ಷಾಂಶಕ್ಕೆ ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ, ಸೂರ್ಯ ಸರಿಯಾಗಿ ಅವುಗಳ ಬೆನ್ನ ಹಿಂದೆ ಹಾದುಹೋಗುತ್ತಾನೆ. ಆ ಕೆಲವು ದಿನ ಕೆಲವು ನಿಮಿಷ ಸೂರ್ಯನ ರೇಡಿಯೊ ಗದ್ದಲದಲ್ಲಿ ಸಿಗ್ನಲ್ ಮುಳುಗಿ ಟಿವಿ ನಿಲ್ಲುವುದೂ ಉಂಟು. ಕಂಪನಿಗೆ ಅದು ಕ್ಷಮೆ ಕೇಳಬೇಕಾದ ಅಡಚಣೆ, ಈ ಹುಡುಗನಿಗೆ ಪುಕ್ಕಟೆ ಸಿಕ್ಕ ಅಳತೆಗೋಲು. ಆ ವಾರ ಬೇರೆ ಬೇರೆ ಊರಿನ ಗಿರಾಕಿಗಳಿಗೆ ಫೋನ್ ಮಾಡಿ “ಹತ್ ಗಂಟೆಗೆ ತಾರಸಿ ಹತ್ತಿ ನೆರಳು ನೋಡಣ್ಣ” ಅನ್ನುತ್ತಾನೆ. ಮಿಕ್ಕ ದಿನಗಳಲ್ಲಿ ಸೂರ್ಯನ ದಾರಿ ಬೇರೆ, ಈ ಉಪಾಯ ನಡೆಯದು.

ಹತ್ತು ಗಂಟೆಯೇ ಏಕೆ? ಆ ಡಿಶ್ ಏರ್‌ಟೆಲ್‌ನದು, ಏರ್‌ಟೆಲ್ ಬಳಸುವ ಉಪಗ್ರಹ ಇರುವುದು ಪೂರ್ವ ರೇಖಾಂಶ 108.2 ಡಿಗ್ರಿಯಲ್ಲಿ. ಮಂಡ್ಯ ಇರುವುದು 77ರ ಹತ್ತಿರ. ಹಾಗಾಗಿ ಇಲ್ಲಿಂದ ನೋಡಿದರೆ ಅದು ಪೂರ್ವಕ್ಕೆ ಸ್ವಲ್ಪ ದಕ್ಷಿಣವಾಗಿ, ನೆಲದಿಂದ ಸುಮಾರು 51 ಡಿಗ್ರಿ ಎತ್ತರದಲ್ಲಿದೆ. 95 ಡಿಗ್ರಿಯ ಡಿಶ್ ಟಿವಿಗೆ ಆಗ್ನೇಯದಲ್ಲಿ ಸುಮಾರು 64 ಡಿಗ್ರಿ, 88ರ ಡಿ2ಎಚ್‌ಗೆ ಸುಮಾರು 70, 83ರ ಟಾಟಾಗೆ ಸುಮಾರು 74. ಟಾಟಾದ್ದು ಹೆಚ್ಚುಕಮ್ಮಿ ನೆತ್ತಿಯ ಮೇಲೆ. ಅದರ ನೆರಳು ನೋಡಬೇಕಾದರೆ ಮಧ್ಯಾಹ್ನ 12ರ ಆಸುಪಾಸು ಹೋಗಬೇಕು.

ಈ ಅಂಕಿಗಳನ್ನು ಮದ್ದೂರಿನ ತೋಟಕ್ಕೆ ತಂದು ನಿಲ್ಲಿಸಿ. ದೇಶದ ದೊಡ್ಡ ಎಳನೀರು ಮಾರುಕಟ್ಟೆಗಳಲ್ಲೊಂದು ಇರುವ ಊರು. ಮನೆ ಕಟ್ಟುವುದೇ ತೆಂಗಿನ ನಡುವೆ. ಡಿಶ್‌ನಿಂದ ಐವತ್ತು ಅಡಿ ದೂರದ ಮರ 51 ಡಿಗ್ರಿಯ ದಾರಿಗೆ ಅಡ್ಡ ಬರಬೇಕಾದರೆ ಡಿಶ್‌ಗಿಂತ ಅರವತ್ತೆರಡು ಅಡಿ ಎತ್ತರ ಬೆಳೆಯಬೇಕು. ಹಳೆಯ ನಾಟಿ ತೆಂಗಿಗೆ ಅದು ಕಷ್ಟವಲ್ಲ. 74 ಡಿಗ್ರಿಯ ದಾರಿಗೆ ಅಡ್ಡ ಬರಬೇಕಾದರೆ ನೂರಾ ಎಪ್ಪತ್ತು ಅಡಿ ದಾಟಬೇಕು. ಅಂಥ ತೆಂಗು ಇಲ್ಲ. ಅದೇ ಮನೆ ಗೋಡೆಯ ಪಕ್ಕದ ಮರವಾದರೆ ಲೆಕ್ಕ ತಲೆಕೆಳಗು: ನೆತ್ತಿಯ ಮೇಲೆ ಚಾಚಿದ ಗರಿ ಎತ್ತರದ ಉಪಗ್ರಹವನ್ನೇ ಮೊದಲು ಮುಚ್ಚುತ್ತದೆ. ಯಾವ ಕಂಪನಿ ಒಳ್ಳೆಯದು ಎಂದು ಮದ್ದೂರಿನಲ್ಲಿ ಕೇಳಿದರೆ ಎದುರು ಮನೆಯವರು ಒಂದು, ಪಕ್ಕದ ಮನೆಯವರು ಇನ್ನೊಂದು ಹೇಳುವುದಕ್ಕೆ ಇದೂ ಒಂದು ಕಾರಣ. ಇಬ್ಬರೂ ತಮ್ಮ ತಮ್ಮ ಮರದ ಅನುಭವ ಹೇಳುತ್ತಿರುತ್ತಾರೆ.

ಇನ್ನೊಂದು ವಿಚಿತ್ರ. ಡಿಶ್‌ನ ಮುಖ ಎತ್ತ ನೋಡುತ್ತದೋ ಉಪಗ್ರಹ ಅಲ್ಲಿರುವುದಿಲ್ಲ. ಮನೆಯ ಡಿಶ್‌ಗಳು ಪೂರ್ತಿ ಬೋಗುಣಿಯಲ್ಲ, ದೊಡ್ಡ ಬೋಗುಣಿಯ ಒಂದು ಪಕ್ಕದ ತುಂಡು. ಅದಕ್ಕೇ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ನಡುವಿಗೆ ಬಾರದೆ ಕೆಳಗಿನ ತೋಳಿನ ತುದಿಯಲ್ಲಿರುತ್ತದೆ. ನಿಜವಾದ ನೋಟ ಮುಖಕ್ಕಿಂತ ಇಪ್ಪತ್ತು ಡಿಗ್ರಿಗೂ ಹೆಚ್ಚು ಮೇಲಕ್ಕಿರುತ್ತದೆ. ಮರದ ಬುಡ ನೋಡಿ “ಅಡ್ಡ ಏನಿಲ್ಲವಲ್ಲ” ಎಂದು ಜಗಳಕ್ಕೆ ನಿಲ್ಲುವ ಗಿರಾಕಿ, ಗರಿ ನೋಡಿ ತಲೆ ಆಡಿಸುವ ಹುಡುಗ, ಇಬ್ಬರ ನಡುವಿನ ತಕರಾರು ಈ ಇಪ್ಪತ್ತು ಡಿಗ್ರಿಯದು.

ಉಪಗ್ರಹವೇ ಕೈಕೊಟ್ಟ ಪ್ರಸಂಗವನ್ನೂ ಈ ಸೀಮೆ ಕಂಡಿದೆ. 2010ರ ಜುಲೈ 7ರಂದು ಇನ್ಸಾಟ್-4ಬಿಯ ಎರಡು ಸೌರಫಲಕಗಳ ಪೈಕಿ ಒಂದರ ವಿದ್ಯುತ್ ಪೂರೈಕೆ ಕೆಟ್ಟು, ಅರ್ಧದಷ್ಟು ಟ್ರಾನ್ಸ್‌ಪಾಂಡರುಗಳನ್ನು ನಿಲ್ಲಿಸಬೇಕಾಯಿತು. ಹೊಡೆತ ಬಿದ್ದದ್ದು ದಕ್ಷಿಣದಲ್ಲಿ ಕಡಿಮೆ ದರಕ್ಕೆ ಹೆಸರಾಗಿದ್ದ ಸನ್ ಡೈರೆಕ್ಟ್‌ಗೆ. ಕಂಪನಿ 93.5 ಡಿಗ್ರಿಯಿಂದ 91.5ರ ಮೀಸ್ಯಾಟ್-3ಕ್ಕೆ ಗುಳೆ ಹೋಯಿತು. ಎರಡು ಡಿಗ್ರಿ ಅಂದರೆ ಏನು ಮಹಾ ಅನ್ನಿಸಬಹುದು. ಆದರೆ ಡಿಶ್ ಅಷ್ಟು ಜರುಗದಿದ್ದರೆ ಟಿವಿ ಕಪ್ಪು. ದಕ್ಷಿಣದ ತಾರಸಿಗಳ ಮೇಲೆಲ್ಲ ಸ್ಪ್ಯಾನರ್ ಹಿಡಿದವರು ಹತ್ತಬೇಕಾಯಿತು. ಆ ಸೆಪ್ಟೆಂಬರ್ ಕೊನೆಗೆ ಅಮೆರಿಕದ ಸೈಬರ್ ಭದ್ರತಾ ಬರಹಗಾರನೊಬ್ಬ, ಇರಾನಿನ ಅಣುಸ್ಥಾವರಕ್ಕೆ ನುಗ್ಗಿದ ಸ್ಟಕ್ಸ್‌ನೆಟ್ ವೈರಸ್ಸೇ ನಮ್ಮ ಉಪಗ್ರಹವನ್ನೂ ಕೊಂದಿರಬಹುದೆಂದು ಊಹೆ ಹರಿಬಿಟ್ಟ. ಇಸ್ರೊ ತಳ್ಳಿಹಾಕಿತು. ಆ ಉಪಗ್ರಹವನ್ನು ನಡೆಸುತ್ತಿದ್ದ ಕೇಂದ್ರ ದೂರದಲ್ಲೇನೂ ಇಲ್ಲ, ಪಕ್ಕದ ಹಾಸನದಲ್ಲಿ. ಆಕಾಶದಲ್ಲಿ ಕೆಟ್ಟ ಫಲಕಕ್ಕೆ ಮಳವಳ್ಳಿಯಲ್ಲಿ ಏಣಿ ಹಾಕಿದ ಆ ತಿಂಗಳುಗಳು ನನಗಂತೂ ಯಾವ ಧಾರಾವಾಹಿಗಿಂತ ಕಡಿಮೆಯಲ್ಲ.

ಮಿಕ್ಕ ಇತಿಹಾಸ ಪತ್ರಿಕೆಯ ಹಳೆಯ ತುಣುಕುಗಳಲ್ಲಿ ಎಲ್ಲರೂ ಓದಿರುವುದೇ. ಕರ್ನಾಟಕಕ್ಕೆ ಉಪಗ್ರಹ ಟಿವಿ ಮೊದಲು ಬಂದದ್ದು ಇತ್ತ ಅಲ್ಲ. 1975ರ ಸೈಟ್ ಪ್ರಯೋಗದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರಿನ ಹಳ್ಳಿಗಳಿಗೆ. ಮನೆ ಮನೆಗೆ ನೇರ ಪ್ರಸಾರ ಶುರು ಮಾಡಲು 1990ರ ದಶಕದಲ್ಲಿ ಖಾಸಗಿಯವರು ಹೊರಟಾಗ ಸರ್ಕಾರ 1997ರಲ್ಲಿ ತಡೆಯಿತು, 2000ದಲ್ಲಿ ಬಿಟ್ಟಿತು, 2001ರಲ್ಲಿ ನಿಯಮ ಬರೆಯಿತು. 2003ರಲ್ಲಿ ಡಿಶ್ ಟಿವಿ, 2004ರಲ್ಲಿ ದೂರದರ್ಶನದ ಉಚಿತ ಡಿಶ್, 2006ರಲ್ಲಿ ಟಾಟಾ ಸ್ಕೈ, 2007ರ ಕೊನೆಗೆ ಸನ್ ಡೈರೆಕ್ಟ್, 2008ರಲ್ಲಿ ರಿಲಯನ್ಸ್ ಬಿಗ್ ಟಿವಿ ಮತ್ತು ಏರ್‌ಟೆಲ್, 2009ರಲ್ಲಿ ವಿಡಿಯೊಕಾನ್ ಡಿ2ಎಚ್. ಹಿಂದಿ ಸಿನಿಮಾ ತಾರೆಯರು ಜಾಹೀರಾತಿನಲ್ಲಿ ಪರಸ್ಪರ ಕಾಲೆಳೆದುಕೊಂಡರು. ಮಂಡ್ಯದ ಗಿರಾಕಿ ಅವರ ಮಾತಿಗೆ ಮರುಳಾಗಿ ಕಂಪನಿ ಆರಿಸಿದ ಎಂಬುದನ್ನು ನಾನು ನಂಬುವುದಿಲ್ಲ.

ಇಲ್ಲಿ ಆರಿಸಿದ್ದು ನೆಲದ ಲೆಕ್ಕ. ಮಂಡ್ಯ ಪೇಟೆಯಲ್ಲಿ ಕೇಬಲ್ ಗಟ್ಟಿ. ಆದರೆ ಪೇಟೆ ದಾಟಿದರೆ ಕಬ್ಬಿನ ಕಟಾವಿನ ಕಾಲ ಬಂತೆಂದರೆ ಕೇಬಲ್‌ನವರಿಗೆ ತಲೆನೋವು. ಎತ್ತರ ಪೇರಿಸಿದ ಲೋಡ್ ಹೊತ್ತ ಟ್ರ್ಯಾಕ್ಟರ್ ರಸ್ತೆಗೆ ಅಡ್ಡ ಎಳೆದ ವೈರನ್ನು ಕಿತ್ತುಕೊಂಡೇ ಹೋಗುತ್ತದೆ. ಕರೆಂಟಿನದು ಇನ್ನೊಂದು ಕಾಟ: ನಮ್ಮ ಮನೆಯಲ್ಲಿ ಕರೆಂಟಿದ್ದರೂ ಕೇಬಲ್‌ನವರ ಬೂಸ್ಟರ್ ಇರುವ ಬೀದಿಯಲ್ಲಿ ಹೋದರೆ ಪರದೆ ಖಾಲಿ. “ನಮ್ ಮನೆ ಕರೆಂಟು, ನಮ್ ಡಿಶ್ಶು, ಯಾರ ಹಂಗೂ ಇಲ್ಲ” ಎಂದು ಡಿಶ್ ಹಾಕಿಸಿದವರು ಪೇಟೆಯಾಚೆಯ ಈ ಜನ. ಮಳವಳ್ಳಿ ಕಡೆ ನಾಲೆಯ ಕೊನೆ ಭಾಗ, ತೋಟ ಕಡಿಮೆ, ಆಕಾಶ ಬಯಲು. ತೋಟದ ಮನೆಗಳು ದೂರ ದೂರ. ಒಂದು ಮನೆಗಾಗಿ ಅರ್ಧ ಮೈಲಿ ಕೇಬಲ್ ಎಳೆಯಲು ಯಾರಿಗೂ ಪೂರೈಸದು. ಅಲ್ಲಿ ಡಿಶ್‌ಗೆ ಮರದ ಕಾಟವಿಲ್ಲ, ದುಡ್ಡಿನ ಕಾಟ.

ಕಬ್ಬಿನ ಬಿಲ್ಲು ಯಾವಾಗ ಬರುತ್ತದೋ ಕಾರ್ಖಾನೆಗೇ ಗೊತ್ತು. ತಿಂಗಳಿಗೊಂದು ರೀಚಾರ್ಜ್ ಎಂಬ ಕಂಪನಿಯ ಪಂಚಾಂಗ ರೈತನ ಪಂಚಾಂಗಕ್ಕೆ ಕೂಡಿಬರುವುದಿಲ್ಲ. ಮಳವಳ್ಳಿ ತಾಲ್ಲೂಕಿನ ಹೆಂಗಸೊಬ್ಬರು ಇದಕ್ಕೆ ದಾರಿ ಕಂಡುಕೊಂಡಿದ್ದಾರೆ: ಡಿಶ್ ಖರ್ಚು ಡೈರಿ ದುಡ್ಡಿನಲ್ಲಿ. “ಅವ್ರು ಕಬ್ಬಿನ ದುಡ್ಡಲ್ಲಿ ಏನಾರ ಮಾಡ್ಕಳ್ಳಿ ಕಣಪ್ಪ. ಹಾಲಿನ ಬಟವಾಡೆ ನನ್ ಕೈಗೆ ಬತ್ತದೆ, ಟಿವಿ ನಂದು.” ಮನೆಯಲ್ಲಿ ಯಾವ ಚಾನೆಲ್ ಓಡಬೇಕೆಂಬ ತೀರ್ಮಾನವೂ ಅದರೊಂದಿಗೇ ಅವರ ಕೈಗೆ ಬಂದಿದೆ.

ಅವರ ದೂರು ಬೇರೆ: ನೋಡುವುದು ಬೆರಳೆಣಿಕೆಯ ಚಾನೆಲ್, ದುಡ್ಡು ಕೊಡುವುದು ನೂರಾರಕ್ಕೆ. 2019ರ ಫೆಬ್ರುವರಿ 1ರಿಂದ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಹೊಸ ದರ ಪದ್ಧತಿ ತಂದಾಗ ಬೇಕಾದ ಚಾನೆಲ್ ಮಾತ್ರ ಆರಿಸಿಕೊಳ್ಳಿ ಎಂದರು. ಆಗ ಮೊದಲ ನೂರು ಚಾನೆಲ್‌ಗಳಿಗೆ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಅದರ ಮೇಲೆ ಪಾವತಿ ಚಾನೆಲ್‌ಗಳ ಬೆಲೆ. ಬೇರೆ ಬೇರೆಯಾಗಿ ಕೂಡಿದರೆ ಕಂಪನಿ ಕಟ್ಟಿಕೊಡುವ ಪ್ಯಾಕೇ ಅಗ್ಗ, ಹಾಗಾಗಿ ಬಹುಮಂದಿ ಮತ್ತೆ ಪ್ಯಾಕಿಗೇ ಬಂದರು. ಪುಕ್ಕಟೆಯ ಡಿಡಿ ಫ್ರೀ ಡಿಶ್‌ಗೆ ಹೋಗಬಹುದಲ್ಲ ಅಂದೆ. “ಅದ್ರಲ್ಲಿ ಬರೀ ಹಿಂದಿ. ನಮ್ಗೆ ಚಂದನ ಒಂದು ಸಾಕಾದದಾ?” ಅಂದರು. ಉತ್ತರ ಭಾರತದಲ್ಲಿ ಖಾಸಗಿ ಕಂಪನಿಗಳನ್ನು ನಡುಗಿಸಿದ ಫ್ರೀ ಡಿಶ್ ಇಲ್ಲಿ ಅಷ್ಟು ಬೇರು ಬಿಡದಿರುವುದಕ್ಕೆ ಈ ಒಂದು ಪ್ರಶ್ನೆಯೇ ಉತ್ತರ.

ಮಳೆಯ ವಿಷಯದಲ್ಲಿ ಎಲ್ಲ ಕಂಪನಿಗಳೂ ಸಮಾನರು. ಅವೆಲ್ಲ ಬಳಸುವ ಕೆಯು ಬ್ಯಾಂಡ್ ತರಂಗದ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಕೇಬಲ್‌ನವರ ದೊಡ್ಡ ಡಿಶ್‌ಗಳು ಹಿಡಿಯುವ ಸಿ ಬ್ಯಾಂಡ್‌ನದು ಅದರ ಮೂರುಪಟ್ಟು. ಅಲೆ ಚಿಕ್ಕದಾದಷ್ಟೂ ದಪ್ಪ ಹನಿಗಳು ಅದನ್ನು ಹೆಚ್ಚು ನುಂಗುತ್ತವೆ. ಸೋನೆ ಮಳೆಗೆ ಡಿಶ್ ಅಷ್ಟು ಅಂಜುವುದಿಲ್ಲ, ಅಂಜುವುದು ದಪ್ಪ ಹನಿಯ ಜಡಿಮಳೆಗೆ. ನಮ್ಮ ಸೀಮೆಯ ಸೆಪ್ಟೆಂಬರ್, ಅಕ್ಟೋಬರ್ ಮಳೆ ಬಹುಪಾಲು ಅಂಥದ್ದೇ, ಅದೂ ಸಂಜೆಗೆ, ಧಾರಾವಾಹಿಯ ಹೊತ್ತಿಗೆ. ಮಳೆಯಲ್ಲೂ ನಿಲ್ಲದ ಸಿಗ್ನಲ್ ಎಂದು ಯಾರಾದರೂ ಬಾಗಿಲಿಗೆ ಬಂದು ಹೇಳಿದರೆ ಅವರಿಗೆ ಕಾಫಿ ಕೊಟ್ಟು ಕಳಿಸಬಹುದು, ಮುಂಗಡ ಕೊಡಬೇಕಿಲ್ಲ.

ಇನ್ನು ಆ ತಾರಸಿಯ ಮೂರು ಸತ್ತ ಡಿಶ್‌ಗಳ ವಿಚಾರ. 2001ರ ನಿಯಮದಲ್ಲೇ ಒಂದು ಕಂಪನಿಯ ಬಾಕ್ಸ್ ಇನ್ನೊಂದಕ್ಕೂ ಹೊಂದಬೇಕು ಎಂಬ ಮಾತಿತ್ತು. ಕಾಗದದಲ್ಲಿ ಹೊಂದಿತು, ಮನೆಯಲ್ಲಿ ಹೊಂದಲಿಲ್ಲ. ಇನ್ನೊಂದು ಕಂಪನಿಯ ಸಂಕೇತ ಬಿಡಿಸಲು ಬೇಕಾದ ಮಾಡ್ಯೂಲ್ ಕೊಳ್ಳುವುದಕ್ಕಿಂತ ರಿಯಾಯಿತಿಯ ಹೊಸ ಬಾಕ್ಸೇ ಸುಲಭವಾಯಿತು. ಮೊಬೈಲ್ ನಂಬರನ್ನು ಕಂಪನಿಯಿಂದ ಕಂಪನಿಗೆ ಒಯ್ಯುವ ಹಕ್ಕು 2011ರ ಜನವರಿಯಲ್ಲೇ ದೇಶಕ್ಕೆಲ್ಲ ಸಿಕ್ಕಿತು. ಬಾಕ್ಸ್ ವಿಷಯದಲ್ಲಿ ಟ್ರಾಯ್ 2020ರಲ್ಲಿ ಮತ್ತೆ ಶಿಫಾರಸು ಮಾಡಿದರೂ ಗಿರಾಕಿಯ ಕೈಗೆ ಏನೂ ಬಂದಿಲ್ಲ. ಈ ನಡುವೆ ಡಿ2ಎಚ್ 2018ರಲ್ಲಿ ಡಿಶ್ ಟಿವಿಯೊಳಗೆ ಸೇರಿತು, ಬಿಗ್ ಟಿವಿ ಕೈ ಬದಲಾಗಿ ಕಣ್ಮರೆಯಾಯಿತು, ಟಾಟಾ ಸ್ಕೈ 2022ರಲ್ಲಿ ಟಾಟಾ ಪ್ಲೇ ಆಯಿತು. ಕಂಪನಿಗಳಿಗೆ ಹೆಸರು, ಉಪಗ್ರಹ, ಮಾಲೀಕರು ಎಲ್ಲವನ್ನೂ ಬದಲಿಸುವ ಸ್ವಾತಂತ್ರ್ಯವಿದೆ. ಬಾಕ್ಸ್ ಇಟ್ಟುಕೊಂಡು ಕಂಪನಿ ಬದಲಿಸುವ ಸ್ವಾತಂತ್ರ್ಯ ಗಿರಾಕಿಗಿಲ್ಲ. ಇದನ್ನು ಪೈಪೋಟಿ ಎಂದು ಕರೆಯಲು ನನಗೆ ಮನಸ್ಸಿಲ್ಲ.

ನಿಜವಾದ ಪೈಪೋಟಿ ನಡೆದದ್ದು ಹುಡುಗರ ನಡುವೆ. ಮಾತಾಡಿಸಿದವರಲ್ಲಿ ಕಂಪನಿಯ ಹೆಸರು ತಡವರಿಸಿದವರಿದ್ದಾರೆ, ಡಿಶ್ ಹುಡುಗನ ಹೆಸರು ತಡವರಿಸಿದವರಿಲ್ಲ. ಕರೆದ ದಿನವೇ ಬರುವವನು ಯಾವ ಕಂಪನಿಯ ಕೆಲಸ ಮಾಡುತ್ತಾನೋ ಊರಿಗೆ ಊರೇ ಆ ಕಂಪನಿ. ಅವನು ಏಜೆನ್ಸಿ ಬದಲಿಸಿದರೆ ತಾರಸಿಗಳೂ ಬದಲಾಗುತ್ತವೆ.

ಆಟ ಈಗ ಇಳಿಮುಖ. ಒಂದು ಕಾಲಕ್ಕೆ ಏಳು ಕೋಟಿ ದಾಟಿದ್ದ ಪಾವತಿ ಡಿಟಿಎಚ್ ಗಿರಾಕಿಗಳು 2025ರ ಹೊತ್ತಿಗೆ ಆರು ಕೋಟಿಗಿಂತ ಕೆಳಗಿಳಿದಿದ್ದಾರೆ. ಮೊಬೈಲ್ ಮತ್ತು ಫೈಬರ್ ನುಂಗುತ್ತಿವೆ. ಆದರೂ 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಮೊದಲ ಸಲ ಐಪಿಎಲ್ ಗೆದ್ದಾಗ ಡಿಶ್ ಇದ್ದ ಮನೆಯವರು ಮೊದಲು ಕೂಗಿದರು, ಮೊಬೈಲಿನಲ್ಲಿ ನೋಡುತ್ತಿದ್ದವರಿಗೆ ಆ ಕೂಗಿನಿಂದಲೇ ಮುಂದಿನ ಚೆಂಡಿನ ಗತಿ ತಿಳಿಯಿತು ಎಂದು ಮಳವಳ್ಳಿಯ ಹೋಟೆಲೊಂದರಲ್ಲಿ ಹೇಳಿದರು. ಉಪಗ್ರಹಕ್ಕೆ ಹೋಗಿ ಬರುವ 72,000 ಕಿಲೋಮೀಟರಿಗೆ ಕಾಲು ಸೆಕೆಂಡು ಸಾಕು. ಇಂಟರ್‌ನೆಟ್ ಪ್ರಸಾರ ತುಂಡು ತುಂಡಾಗಿ ಕೂಡಿಬರುವಷ್ಟರಲ್ಲಿ ಹಲವು ಸೆಕೆಂಡುಗಳು ಕಳೆದಿರುತ್ತವೆ.

ಹಾಗಾಗಿ ಇನ್ನೂ ಡಿಶ್ ಹಾಕಿಸುವವರಿದ್ದಾರೆ. ಅವರಿಗೆ ನನ್ನ ಸಲಹೆ ಸಣ್ಣದು. ಎಷ್ಟು ಚಾನೆಲ್, ಎಷ್ಟು ತಿಂಗಳು ಉಚಿತ ಎಂದು ಆಮೇಲೆ ಕೇಳಿ. ನಿಮ್ಮ ಉಪಗ್ರಹ ಎಷ್ಟು ಡಿಗ್ರಿಯದು, ಕೆಟ್ಟರೆ ಬರುವ ಹುಡುಗ ಯಾವ ಊರಿನವನು ಎಂದು ಮೊದಲು ಕೇಳಿ. ಎರಡಕ್ಕೂ ಉತ್ತರ ಗೊತ್ತಿಲ್ಲದವನು ಮಾರಲು ಬಂದರೆ ಏಣಿ ಕೊಡಬೇಡಿ.