ಬೆಂಕಿಯ ಕಾವಿನಿಂದ ಬಂಡೆಯು ಸೀಳುವ ಬಗೆ

ಹಿಂದೆ ಬೆಂಗಳೂರು ದಕ್ಷಿಣ ತಾಲ್ಲೂಕಿನ ಬೇಸಾಯದ ಹಳ್ಳಿಯಾಗಿದ್ದ ಕತ್ರಿಗುಪ್ಪೆಯು ಈಗ ನಗರದ ಬನಶಂಕರಿ ಬಡಾವಣೆಯಲ್ಲಿ ಸೇರಿಹೋಗಿದೆ. ಆದರೂ ಅಲ್ಲಿನ ನೆಲದಡಿಯಲ್ಲಿರುವುದು ಲಾಲ್‌ಬಾಗಿನ ಗುಡ್ಡದಲ್ಲಿ ಮೇಲೆದ್ದು ಕಾಣುವ ಜಾತಿಯ ಬಂಡೆಯೇ. ಈ ಸೀಮೆಯ ಹಳ್ಳಿಗಳಲ್ಲಿ ಕೊಟ್ಟಿಗೆಯ ನೆಲಕ್ಕೂ ಬಾವಿಯ ಕಟ್ಟೆಗೂ ಬೇಲಿಗೂ ಬೇಕಾದ ಚಪ್ಪಡಿಯು ಇಂತಹ ಬಂಡೆಯಿಂದಲೇ ಒದಗುತ್ತ ಬಂದಿದೆ.

ಸಿಡಿಮದ್ದಿಲ್ಲದೆ ಬರಿಯ ಸೌದೆಯ ಉರಿಯಿಂದ ಚಪ್ಪಡಿಯನ್ನು ಎಬ್ಬಿಸುವ ಕ್ರಮವೊಂದು ಬೆಂಗಳೂರಿನ ಕಲ್ಲುಗಣಿಗಳಲ್ಲಿ ರೂಢಿಯಲ್ಲಿತ್ತು. ಎಚ್. ವಾರ್ತ್ ಎಂಬುವರು 1895ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಅಳತೆಗಳೊಡನೆ ವರ್ಣಿಸಿದ್ದಾರೆ. ಮೊದಲು ಹಾಸುಬಂಡೆಯ ಮೇಲೆ ಸುಮಾರು 7 ಅಡಿ ಉದ್ದಕ್ಕೆ ಒಣಸೌದೆಯ ಸಾಲನ್ನು ಉರಿಸುವರು. ಸುತ್ತಿಗೆಯಿಂದ ಬಡಿದಾಗ ಪೊಳ್ಳು ದನಿ ಬಂದರೆ ಆ ಭಾಗವು ಅಡಿಬಂಡೆಯಿಂದ ಬಿಟ್ಟಿತೆಂದು ತಿಳಿದು, ಉರಿಯನ್ನು ಕೆಲವೇ ಅಂಗುಲ ಮುಂದಕ್ಕೆ ತಳ್ಳುವರು. ಸಾಲು ಬರಬರುತ್ತ ಬಿಲ್ಲಿನಂತೆ ಬಾಗಿ 25 ಅಡಿಯವರೆಗೆ ಬೆಳೆಯುವುದು. ಎಂಟು ಗಂಟೆಯ ಕೆಲಸದಲ್ಲಿ ಸುಮಾರು 5 ಅಂಗುಲ ದಪ್ಪದ, 740 ಚದರಡಿಯ ಚಪ್ಪಡಿಯು ಬಿಡುಗಡೆಯಾಯಿತು. ತಗಲಿದ ಸೌದೆ 15 ಹಂಡ್ರೆಡ್‌ವೇಟ್, ಅಂದರೆ ಸುಮಾರು 760 ಕಿಲೋಗ್ರಾಂ. ಒಂದು ಪೌಂಡು ಸೌದೆಗೆ 30 ಪೌಂಡು ಕಲ್ಲು ದೊರೆತಂತಾಯಿತು. ಇದು ಸಾಮಾನ್ಯ ಲಾಭವಲ್ಲ.

ಇದರ ಕಾರಣವನ್ನರಿಯಲು ಬಂಡಿಯ ಗಾಲಿಗೆ ಹಳಿ ಕಟ್ಟುವುದನ್ನು ನೆನೆದರೆ ಸಾಕು. ಕಮ್ಮಾರನು ಹಳಿಯನ್ನು ಗಾಲಿಯ ಸುತ್ತಳತೆಗಿಂತ ಕೊಂಚ ಕಿರಿದಾಗಿಯೇ ಬೆಸೆಯುವನು. 14 ಅಡಿ ಸುತ್ತಳತೆಯ ಕಬ್ಬಿಣವು 500 ಡಿಗ್ರಿ ಸೆಂಟಿಗ್ರೇಡಿನಷ್ಟು ಹೆಚ್ಚಾಗಿ ಕಾದಾಗ ಸುಮಾರು ಒಂದು ಅಂಗುಲ ಹಿಗ್ಗುವುದು. ನೀರೆರೆದರೆ ಕುಗ್ಗಿ ಮರವನ್ನು ಬಿಗಿಯುವುದು. ಕಲ್ಲೂ ಹಾಗೆಯೇ ಹಿಗ್ಗುತ್ತದೆ, ಆದರೆ ಕಬ್ಬಿಣಕ್ಕಿಂತ ಕಡಿಮೆ. 100 ಅಡಿಯ ಬಂಡೆಯು 100 ಡಿಗ್ರಿ ಹೆಚ್ಚಾಗಿ ಕಾದರೆ, ಅಡ್ಡಿಯಿಲ್ಲದಿದ್ದಲ್ಲಿ, ಒಂದು ಅಂಗುಲದ ಆಸುಪಾಸು ಬೆಳೆಯುವುದು.

ಅಡ್ಡಿಯಿರುವುದರಿಂದಲೇ ಬಂಡೆ ಸೀಳುತ್ತದೆ. ಕಬ್ಬಿಣದಲ್ಲಿ ಶಾಖವು ಬೇಗನೆ ಹರಿಯುವುದು. ಬಂಡೆಯಲ್ಲಿ ಅದರ ಹರಿವು ಬಹಳ ಮಂದ. ಆದುದರಿಂದ ಮೇಲಿನ ಪದರವು ಕಾದು ಹಿಗ್ಗಲು ತೊಡಗಿದಾಗ ಅದರಡಿಯ ಬಂಡೆಯು ತಣ್ಣಗೆ ಅಲುಗದೆ ನಿಂತಿರುವುದು. ಹಿಗ್ಗಲು ಎಡೆಯಿಲ್ಲದ ಪದರವು ಮೇಲಕ್ಕೆ ಉಬ್ಬಿ ಅಡಿಯಿಂದ ಕಿತ್ತುಬರುವುದು. ಬಿರುಕು ಆಳಕ್ಕಿಳಿಯದೆ ಮೇಲ್ಮೈಗೆ ಸಮನಾಗಿ ಹರಿಯುವುದಕ್ಕೆ ಇದೇ ಕಾರಣ.

ಇಲ್ಲಿ ಕಾವಿನ ಮಟ್ಟವೂ ಶಾಖದ ಮೊತ್ತವೂ ಬೇರೆಬೇರೆಯೆಂಬುದನ್ನು ಗಮನಿಸತಕ್ಕದ್ದು. ಕುಲುಮೆಯ ಕಿಡಿಯು ಕುದಿಯುವ ಹಂಡೆಯ ನೀರಿಗಿಂತ ಎಷ್ಟೋ ಪಾಲು ಬಿಸಿ. ಆದರೆ ಕೈಮೇಲೆ ಬಿದ್ದರೆ ಚುರುಕ್ಕೆನ್ನುವುದೇ ಹೊರತು, ಹಂಡೆಯ ನೀರಿನಂತೆ ಮೈಯನ್ನು ಬೇಯಿಸದು. ಒಣಮುಳ್ಳಿನ ಭುಗಿಲುರಿಯೂ ಅಂತಹುದೇ. ಅದರ ಶಾಖದಲ್ಲಿ ಬಹುಪಾಲು ಬಿಸಿಗಾಳಿಯೊಡನೆ ಮೇಲಕ್ಕೆ ಹೋಗುವುದು. ಉಳಿದುದು ಮೇಲ್ಮೈಯನ್ನಷ್ಟೇ ಸುಟ್ಟು ತೆಳುವಾದ ಚಕ್ಕೆಗಳನ್ನು ಸಿಡಿಸುವುದು. ಸಾವಕಾಶವಾಗಿ ನಿಂತು ಉರಿಯುವ ಸೌದೆಯ ಶಾಖವು ಮಾತ್ರ ಒಳಕ್ಕಿಳಿಯುವುದು. ವಾರ್ತ್ ಅವರು ಕಂಡ ಗಣಿಯಲ್ಲಿಯೂ ಒಂದು ಅಂಗುಲದ ಎಂಟನೇ ಒಂದು ಪಾಲು ದಪ್ಪದ ಇಂತಹ ಚಕ್ಕೆಗಳು ಬೂದಿಯೊಡನೆ ಬಿದ್ದಿದ್ದವು. ಚಪ್ಪಡಿಯ ಸೀಳಿಗೂ ಇವಕ್ಕೂ ಸಂಬಂಧವಿರಲಿಲ್ಲ.

ಈ ಚಕ್ಕೆಗಳ ವಿಷಯವು ಭೂಮಾಲಿಕರಿಗೆ ಮುಖ್ಯವಾದುದು. ಅನೇಕ ಊರುಗಳಲ್ಲಿ ಹಾಸುಬಂಡೆಯೇ ರಾಗಿಯ ಕಣ. ಕೆಲವರು ಕಸವನ್ನೂ ಬೇಲಿಯ ಮುಳ್ಳನ್ನೂ ಅದರ ಮೇಲೆಯೇ ರಾಶಿಹಾಕಿ ಸುಡುವರು. ಮೈಬಂಡೆಯಾದ್ದರಿಂದ ಬೆಂಕಿ ಹರಡದೆಂಬುದು ಅವರ ಎಣಿಕೆ. ಬೆಂಕಿಯೇನೋ ಹರಡದು. ಆದರೆ ಕಣದ ಮೈ ಹಕ್ಕಳೆಯೆದ್ದು, ಒಕ್ಕಣೆಯಲ್ಲಿ ಕಲ್ಲಿನ ಚೂರು ಕಾಳಿನೊಡನೆ ಬೆರೆಯುವುದು. ಚೂರು ಕಾಳಿನಷ್ಟೇ ಸಣ್ಣದಾದರೆ ಜರಡಿಯಲ್ಲಿಯೂ ಬೇರ್ಪಡದು. ಕಲ್ಲು ಬೆರೆತ ರಾಗಿಗೆ ಮಂಡಿಯಲ್ಲಿ ಬೆಲೆ ಬಾರದು. ಕಾದ ಬಂಡೆಗೆ ನೀರೆರಚುವುದು ಇನ್ನೂ ಕೆಟ್ಟದ್ದು. ಮೇಲ್ಮೈ ಹಠಾತ್ತನೆ ಕುಗ್ಗಿ ಬಿರಿಯುವುದು. ಕಸವನ್ನು ಸುಡುವುದಕ್ಕಿಂತ ಗೊಬ್ಬರದ ಗುಂಡಿಗೆ ಹಾಕಿಸುವುದು ಲೇಸು. ಸುಡಲೇಬೇಕಾದ ಮುಳ್ಳನ್ನು ಕಣದಿಂದ ದೂರದಲ್ಲಿ ಬರಿಮಣ್ಣಿನ ಮೇಲೆ, ಗಾಳಿಯಿಲ್ಲದ ಹೊತ್ತಿನಲ್ಲಿ ಸುಡಿಸತಕ್ಕದ್ದು. ಹಕ್ಕಳೆಯೆದ್ದ ಕಣವನ್ನು ಸುತ್ತಿಗೆಯಿಂದ ಬಡಿದು ನೋಡಿ, ಪೊಳ್ಳು ದನಿ ಬರುವ ಕಡೆಯ ಸಡಿಲ ಚಕ್ಕೆಗಳನ್ನು ಒಕ್ಕಣೆಗೆ ಮುಂಚೆಯೇ ಎಬ್ಬಿಸಿ, ಗುಡಿಸಿ, ಸಗಣಿಯಿಂದ ಸಾರಿಸಬೇಕು.